ರಕ್ತ ಹೀರಿದ್ದು ಯಾರು?

ವ್ಯಾಂಪೈರ್ ಅಂದ್ರೆ ನನಗೆ ನೆನಪಾಗ್ತಿದ್ದದ್ದು ಸಿನಿಮಾದ ಕಪ್ಪು ನಿಲುವಂಗಿ, ಕೋರೆಹಲ್ಲಿನ ಡ್ರಾಕುಲಾ. ಮರ್ಸಿ ಬ್ರೌನ್ ಬಗ್ಗೆ ಓದಿದ ಮೇಲೆ ಆ ಚಿತ್ರವೇ ಬದಲಾಯ್ತು.

ಅಮೆರಿಕದ ರೋಡ್ ಐಲೆಂಡ್‌ನ ಎಕ್ಸೆಟರ್ ಊರು. ಬ್ರೌನ್ ಮನೆಯಲ್ಲಿ ಕ್ಷಯ ಮೊದಲು ತಾಯಿಯನ್ನು, ಆಮೇಲೆ ಹಿರಿಮಗಳನ್ನು ಬಲಿ ತಗೊಂಡಿತ್ತು. 1892ರ ಜನವರಿಯಲ್ಲಿ 19ರ ಹರೆಯದ ಮರ್ಸಿಯೂ ಹೋದಳು. ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲೇ ಯಾರೋ ಅವನ ಜೀವ ಹೀರ್ತಿದ್ದಾರೆ ಅಂದರು ಊರವರು. ಅಪ್ಪನಿಗೆ ನಂಬಿಕೆ ಇರಲಿಲ್ಲವಂತೆ, ಆದರೂ ಒಪ್ಪಿದ.

ಮಾರ್ಚ್‌ನಲ್ಲಿ ಶವಗಳನ್ನು ತೆಗೆದು ನೋಡಿದರು. ಮರ್ಸಿಯ ದೇಹ ಕೊಳೆತಿರಲಿಲ್ಲ, ಹೃದಯದಲ್ಲಿ ರಕ್ತವೂ ಇತ್ತು. ಕೊರೆಯುವ ಚಳಿಗಾಲ, ಸತ್ತು ಎರಡೇ ತಿಂಗಳು, ಅದರಲ್ಲಿ ವಿಚಿತ್ರವೇನಿಲ್ಲ. ಆದರೆ ಹೃದಯ ಸುಟ್ಟು, ಆ ಬೂದಿಯನ್ನು ಎಡ್ವಿನ್‌ಗೆ ಕುಡಿಸಿದರು. ಮೇ ತಿಂಗಳಲ್ಲಿ ಅವನೂ ತೀರಿಕೊಂಡ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲೇ ಗುರುತಿಸಿದ್ದರು. ಕಾರಣ ಗೊತ್ತಾಗಿತ್ತು, ಔಷಧಿ ಇರಲಿಲ್ಲ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಬಂದದ್ದು 1897ರಲ್ಲಿ. ಬಿಸಿಲಿಗೆ ಸಾಯೋ ವ್ಯಾಂಪೈರ್ ಬಂದದ್ದು 1922ರ ‘ನೊಸ್ಫೆರಾಟು’ ಸಿನಿಮಾದಿಂದ. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೇ ಲಂಡನ್‌ನಲ್ಲಿ ಓಡಾಡ್ತಾನೆ!

ಈಗಲೂ ವ್ಯಾಂಪೈರ್ ಸಿನಿಮಾ ಇಷ್ಟಪಟ್ಟು ನೋಡ್ತೀನಿ. ಆದರೆ ಭಯ ಹುಟ್ಟಿಸೋದು ಕೋರೆಹಲ್ಲಲ್ಲ. ಮಗ ಉಳಿದರೆ ಸಾಕು ಅಂತ ಮಗಳ ಗೋರಿ ತೆಗೆಸಿದ ಆ ಅಪ್ಪನ ಅಸಹಾಯಕತೆ.