ಎರಡನೇ ಬಾಡಿ: ಯಾವುದು, ಯಾಕೆ?

ಬೇಸಿಗೆಯ ಕಬಿನಿ ಹಿನ್ನೀರು. ದೂರದ ಹುಲ್ಲಿನಲ್ಲಿ ಹುಲಿ, ಜೀಪಿನ ಪಕ್ಕದಲ್ಲೇ ಆನೆಹಿಂಡು. ಒಂದೇ ಕ್ಯಾಮೆರಾ ಇದ್ದವರು ಲೆನ್ಸ್ ಬದಲಿಸುವಷ್ಟರಲ್ಲಿ ಹುಲಿ ಮರೆಯಾಗಿರುತ್ತದೆ, ಸೆನ್ಸರ್ ಮೇಲೆ ಧೂಳು ಕೂತಿರುತ್ತದೆ.

ಹಾಗಾದರೆ ಎರಡನೇ ಬಾಡಿ ಯಾವುದಿರಬೇಕು?

ಕ್ಯಾನನ್ ಜೋಡಿಯನ್ನೇ ನೋಡಿ. 2020ರ ಆರ್5 ಫುಲ್ ಫ್ರೇಮ್, 45 ಮೆಗಾಪಿಕ್ಸೆಲ್. 2022ರ ಆರ್7 ಕ್ರಾಪ್ ಸೆನ್ಸರ್, 32.5 ಮೆಗಾಪಿಕ್ಸೆಲ್. ಆರ್7ಗೆ 400 ಎಂಎಂ ಲೆನ್ಸ್ ಹಾಕಿದರೆ ಸಿಗುವುದು 640 ಎಂಎಂ ನೋಟ. ಆರ್5ನ ಚಿತ್ರವನ್ನು ಅಷ್ಟೇ ಭಾಗಕ್ಕೆ ಕತ್ತರಿಸಿದರೆ ಉಳಿಯುವುದು ಸುಮಾರು 17 ಮೆಗಾಪಿಕ್ಸೆಲ್. ದೂರದ ಹಕ್ಕಿಯ ಗರಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮುಸ್ಸಂಜೆಯ ಮಂದ ಬೆಳಕಿಗೆ ಮಾತ್ರ ಫುಲ್ ಫ್ರೇಮೇ ಸೈ. ಆರ್7ನ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ವೇಗವಾಗಿ ಬಡಿಯುವ ರೆಕ್ಕೆಗಳು ಸೊಟ್ಟಗೆ ಬರಬಹುದು; ಮೆಕ್ಯಾನಿಕಲ್ ಶಟರ್ ಸೆಕೆಂಡಿಗೆ 15 ಫ್ರೇಮ್ ಕೊಡುತ್ತದೆ, ಅಷ್ಟು ಸಾಕು.

ಎರಡಕ್ಕೂ ಒಂದೇ ಮಾದರಿಯ ಬ್ಯಾಟರಿ, ಒಂದೇ ಆರ್‌ಎಫ್ ಮೌಂಟ್. ಕಾರ್ಡ್ ವಿಷಯದಲ್ಲಷ್ಟೇ ಎಚ್ಚರ: ಆರ್5ನಲ್ಲಿ ಒಂದು ಸ್ಲಾಟ್ ಸಿಎಫ್‌ಎಕ್ಸ್‌ಪ್ರೆಸ್, ಇನ್ನೊಂದು ಎಸ್‌ಡಿ, ಆರ್7ನಲ್ಲಿ ಎರಡೂ ಎಸ್‌ಡಿ.

ಸಫಾರಿಗೆ ಹೊರಡುವ ಮುನ್ನ ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಹೊಂದಿಸಿದರೆ, ಚಿತ್ರಗಳು ಕಂಪ್ಯೂಟರಿನಲ್ಲಿ ತೆಗೆದ ಕ್ರಮದಲ್ಲೇ ಸಾಲಾಗಿ ಸಿಗುತ್ತವೆ.