ಮಕ್ಕಳ ನರ್ಸ್ ಪ್ರಾಕ್ಟೀಷನರ್: ತಪ್ಪು ಕಲ್ಪನೆ ಮತ್ತು ಸತ್ಯ

ಅಮೆರಿಕದಲ್ಲಿ ಮಕ್ಕಳ ನರ್ಸ್ ಪ್ರಾಕ್ಟೀಷನರ್ ಎಂಬ ವೃತ್ತಿ ಹುಟ್ಟಿದ್ದು 1965ರಲ್ಲಿ. ಹಳ್ಳಿಗಾಡಿನಲ್ಲಿ ಮಕ್ಕಳ ವೈದ್ಯರು ಸಿಗುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ, ನರ್ಸ್‌ಗಳಿಗೆ ಮಕ್ಕಳ ಆರೋಗ್ಯದ ಹೆಚ್ಚಿನ ಹೊಣೆ ಹೊರುವ ತರಬೇತಿ ಆರಂಭಿಸಿದರು. ಈ ನರ್ಸ್‌ಗಳ ಕೆಲಸದ ಬಗ್ಗೆಯೂ ಮಗುವಿನ ಬೆಳವಣಿಗೆಯ ಬಗ್ಗೆಯೂ ಇರುವ ಕೆಲವು ತಪ್ಪು ಕಲ್ಪನೆಗಳು ಇಂದಿಗೂ ಹೋಗಿಲ್ಲ.

ತಪ್ಪು ಕಲ್ಪನೆ: ತೂಕ ನೋಡಿ, ಚುಚ್ಚುಮದ್ದು ಹಾಕುವುದಷ್ಟೇ ಇವರ ಕೆಲಸ.

ಸತ್ಯ: ನೋಂದಾಯಿತ ನರ್ಸ್ ಆದ ಮೇಲೆ ಸ್ನಾತಕೋತ್ತರ ಪದವಿ ಅಥವಾ ಡಾಕ್ಟರೇಟ್ ಪಡೆದು, ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇವರು. ಮಗುವನ್ನು ಪರೀಕ್ಷಿಸಿ, ಕಾಯಿಲೆ ಗುರುತಿಸಿ, ಔಷಧಿ ಬರೆದುಕೊಡುತ್ತಾರೆ. ಔಷಧಿ ಬರೆಯುವ ಅಧಿಕಾರ 50 ರಾಜ್ಯಗಳಲ್ಲೂ ಇದೆ. ವೈದ್ಯರೊಡನೆ ಒಪ್ಪಂದ ಬೇಕೇ ಬೇಡವೇ ಎಂಬುದನ್ನು ಆಯಾ ರಾಜ್ಯದ ಕಾನೂನು ಹೇಳುತ್ತದೆ. ಜಟಿಲ ಕಾಯಿಲೆಯಿದ್ದರೆ ತಜ್ಞರ ಬಳಿಗೆ ಕಳುಹಿಸುತ್ತಾರೆ.

ತಪ್ಪು ಕಲ್ಪನೆ: ಆಡಿಕೊಂಡಿರುವ ಮಗುವನ್ನು ಕ್ಲಿನಿಕ್‌ಗೆ ಕರೆದೊಯ್ಯಬೇಕಿಲ್ಲ.

ಸತ್ಯ: ಈ ವೃತ್ತಿಯ ತಿರುಳೇ ಆರೋಗ್ಯವಂತ ಮಗುವಿನ ತಪಾಸಣೆ. ಹುಟ್ಟಿದ ಮೊದಲ ವಾರದಲ್ಲಿ ಒಮ್ಮೆ, ಆಮೇಲೆ 1, 2, 4, 6, 9 ಮತ್ತು 12ನೇ ತಿಂಗಳಲ್ಲಿ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬೆಳವಣಿಗೆಯ ಪಟ್ಟಿಯಲ್ಲಿ ಗುರುತಿಸುತ್ತಾರೆ. ಒಂದು ದಿನದ ತೂಕದಿಂದ ಹೆಚ್ಚೇನೂ ತಿಳಿಯದು; ಹಲವು ಭೇಟಿಗಳ ಗೆರೆ ನೋಡಬೇಕು. ಸಣ್ಣ ಮೈಕಟ್ಟಿನ ಮಗು ತನ್ನದೇ ಗೆರೆಯಲ್ಲಿ ಏರುತ್ತಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ದುಂಡಗಿದ್ದ ಮಗುವಿನ ಗೆರೆ ಭೇಟಿಯಿಂದ ಭೇಟಿಗೆ ಕೆಳಗಿಳಿಯುತ್ತಿದ್ದರೆ ಕಾರಣ ಹುಡುಕಲೇಬೇಕು.

ತಪ್ಪು ಕಲ್ಪನೆ: ಮಾತು ತಡವಾದರೆ ಕಾಯಬೇಕು, ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು.

ಸತ್ಯ: ಕೆಲವು ಮಕ್ಕಳು ತಾವಾಗಿ ಚೇತರಿಸಿಕೊಳ್ಳುವುದು ನಿಜ. ಆದರೆ ಯಾವ ಮಗು ಚೇತರಿಸಿಕೊಳ್ಳುತ್ತದೆ ಎಂದು ಮೊದಲೇ ಹೇಳಲಾಗದು. ಅದಕ್ಕೇ 9, 18 ಮತ್ತು 30ನೇ ತಿಂಗಳಲ್ಲಿ ಬೆಳವಣಿಗೆಯ ತಪಾಸಣೆ, 18 ಮತ್ತು 24ನೇ ತಿಂಗಳಲ್ಲಿ ಆಟಿಸಂ ತಪಾಸಣೆ ನಡೆಯುತ್ತದೆ. ಅನುಮಾನವಿದ್ದರೆ ಮೊದಲು ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷೆಯಾಗಬೇಕು. ಮೂರು ವರ್ಷದೊಳಗಿನ ಮಕ್ಕಳ ಮೌಲ್ಯಮಾಪನ ಅಮೆರಿಕದ ಕೇಂದ್ರ ಕಾನೂನಿನಡಿ ಉಚಿತ; ತಂದೆತಾಯಿ ವೈದ್ಯರ ಚೀಟಿಯಿಲ್ಲದೆ ತಾವೇ ಕೇಳಬಹುದು.

ತಪ್ಪು ಕಲ್ಪನೆ: ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್ ಎಂದರೆ ಮಗುವಿನ ಮಾತು ತಡವಾಗುತ್ತದೆ.

ಸತ್ಯ: ಎರಡು ಭಾಷೆ ಕೇಳಿ ಬೆಳೆಯುವುದು ಮಾತಿನ ತೊಂದರೆಗೆ ಕಾರಣವಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಬೇಕು. ಮನೆಯಲ್ಲಿ ‘ಅಮ್ಮ’, ‘ಹಾಲು’, ‘ಬಾ’ ಎನ್ನುವ ಮಗು ಡೇಕೇರ್‌ನಲ್ಲಿ ‘ಬಾಲ್’, ‘ಮೋರ್’ ಎಂದರೆ ಅದಕ್ಕೆ ಐದು ಪದ ಬರುತ್ತದೆ ಎಂದೇ ಲೆಕ್ಕ. ಅಜ್ಜಿ ತಾತನ ಜೊತೆ ಆಡುವ ಭಾಷೆಯನ್ನು ಬಿಡಿಸುವುದರಿಂದ ಮಗುವಿಗೆ ನಷ್ಟವೇ ಹೊರತು ಲಾಭವಿಲ್ಲ.

ತಪ್ಪು ಕಲ್ಪನೆ: ಓದಲು ಬಾರದ ಕೂಸಿಗೆ ಪುಸ್ತಕ ದಂಡ.

ಸತ್ಯ: 1989ರಲ್ಲಿ ಬೋಸ್ಟನ್‌ನಲ್ಲಿ ಶುರುವಾದ ‘ರೀಚ್ ಔಟ್ ಅಂಡ್ ರೀಡ್’ ಕಾರ್ಯಕ್ರಮದಡಿ ತಪಾಸಣೆಗೆ ಬಂದ ಮಗುವಿನ ಕೈಗೆ ಪುಸ್ತಕ ಕೊಡುತ್ತಾರೆ. ಆರು ತಿಂಗಳ ಕೂಸು ಅದನ್ನು ಬಾಯಿಗಿಡುತ್ತದೆ. ವರ್ಷ ದಾಟಿದ ಮಗು ದಪ್ಪ ರಟ್ಟಿನ ಹಾಳೆ ಮಗುಚಿ, ಚಿತ್ರಕ್ಕೆ ಬೆರಳಿಟ್ಟು, ಅಮ್ಮನ ಮುಖ ನೋಡುತ್ತದೆ. ಬೆರಳ ಹಿಡಿತ, ಕಣ್ಣೋಟ, ಇನ್ನೊಬ್ಬರೊಡನೆ ಬೆರೆಯುವ ಬಗೆ ಎಲ್ಲವೂ ಅಷ್ಟರಲ್ಲೇ ಕಾಣಸಿಗುತ್ತವೆ.

ತಪ್ಪು ಕಲ್ಪನೆ: ಮಗುವಿನ ತಪಾಸಣೆಯಲ್ಲಿ ತಾಯಿಯ ವಿಷಯ ಬರುವುದಿಲ್ಲ.

ಸತ್ಯ: 1, 2, 4 ಮತ್ತು 6ನೇ ತಿಂಗಳ ಭೇಟಿಗಳಲ್ಲಿ ತಾಯಿಗೆ ಹೆರಿಗೆಯ ನಂತರದ ಖಿನ್ನತೆ ಇದೆಯೇ ಎಂದು ಪ್ರಶ್ನಾವಳಿಯ ಮೂಲಕ ವಿಚಾರಿಸುತ್ತಾರೆ. ತಾಯಿ ಖಿನ್ನತೆಯಲ್ಲಿದ್ದರೆ ಮಗುವಿಗೆ ಹಾಲೂಡಿಸುವುದು, ಮಲಗಿಸುವುದು, ಅದರೊಡನೆ ಮಾತಾಡುವುದು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ತಾಯಿಗೆ ಸಕಾಲದಲ್ಲಿ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದೂ ಮಗುವಿನ ಆರೈಕೆಯ ಭಾಗವೇ.