ಬೇರು ಬೆಳ್ಳಗಾದಾಗ ನೀರು

ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬರುವ ಫೆಲನಾಪ್ಸಿಸ್ ಆರ್ಕಿಡ್ ನಮ್ಮ ಮನೆಗಳಲ್ಲಿ ಸಾಯುವುದು ಹೆಚ್ಚಾಗಿ ಉಪಚಾರದಿಂದಲೇ. ತುಳಸಿಗೆ ಹೊಯ್ದು ಉಳಿದ ಚೊಂಬಿನ ನೀರು ದಿನಾ ಇದಕ್ಕೂ ಬೀಳುತ್ತದೆ. ಕುಂಡದೊಳಗೆ ಬೇರು ಕೊಳೆಯುತ್ತದೆ. ಬೇರಿಲ್ಲದ ಮೇಲೆ ನೀರು ಏರುವುದೆಲ್ಲಿಂದ, ಎಲೆ ಸುಕ್ಕುಗಟ್ಟುತ್ತದೆ. ಎಲೆ ಬಾಡಿತಲ್ಲ, ಪಾಪ ಬಾಯಾರಿರಬೇಕು ಎಂದು ಮನೆಯವರು ಇನ್ನೊಂದು ಚೊಂಬು ಹೊಯ್ಯುತ್ತಾರೆ. ಅಲ್ಲಿಗೆ ಅದರ ಕಥೆ ಮುಗಿಯುತ್ತದೆ.

ಈ ಗಿಡಕ್ಕೆ ಮಣ್ಣಿನ ರೂಢಿಯೇ ಇಲ್ಲ. ಇದರ ತವರು ಆಗ್ನೇಯ ಏಷ್ಯಾದ ಮಳೆಕಾಡು. ಇಂದಿನ ಅಂಗಡಿ ತಳಿಗಳ ಮೂಲಪುರುಷರಲ್ಲಿ ಒಂದಾದ ಫೆಲನಾಪ್ಸಿಸ್ ಅಮಾಬಿಲಿಸ್ ಅನ್ನು ಇಂಡೊನೇಷ್ಯಾ 1993ರಲ್ಲಿ ತನ್ನ ಮೂರು ರಾಷ್ಟ್ರೀಯ ಹೂಗಳಲ್ಲಿ ಒಂದೆಂದು ಘೋಷಿಸಿತು. ಕಾಡಿನಲ್ಲಿ ಅದು ಮರದ ಕಾಂಡಕ್ಕೆ ಬೇರುಗಳನ್ನು ಅಂಟಿಸಿಕೊಂಡು, ಎಲೆಗಳನ್ನು ಕೆಳಕ್ಕೆ ಇಳಿಬಿಟ್ಟು ಓರೆಯಾಗಿ ಜೋತಿರುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲಸಿನ ಮರದಲ್ಲಿ ಗೊಂಚಲಾಗಿ ಇಳಿಬೀಳುವ ಸೀತಾಳೆದಂಡೆ ಇದರ ಹತ್ತಿರದ ಬಂಧು. ಮರದ ಮೇಲಿದ್ದ ಮಾತ್ರಕ್ಕೆ ಎರಡನ್ನೂ ಬಂದಳಿಕೆ ಎಂದು ಬೈಯುವವರಿದ್ದಾರೆ, ಅದು ಅನ್ಯಾಯ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ಮರದಿಂದ ಪಡೆಯುವುದು ನಿಲ್ಲಲು ಜಾಗವೊಂದನ್ನೇ. ನೀರು ಮಳೆಯಿಂದ, ಗೊಬ್ಬರ ತೊಗಟೆಯ ಸಂದಿಯಲ್ಲಿ ಕೊಳೆತ ಕಸದಿಂದ.

ಹಾಗಾದರೆ ಗಾಳಿಯಲ್ಲಿ ತೂಗುವ ಬೇರು ನೀರು ಹಿಡಿಯುವುದು ಹೇಗೆ? ಕುಂಡದಿಂದ ಹೊರಬಂದ ಬೇರೊಂದನ್ನು ನೋಡಿ: ಪೆನ್ಸಿಲಿನಷ್ಟು ಅಲ್ಲದಿದ್ದರೂ ಸಾಕಷ್ಟು ದಪ್ಪ, ಬೂದುಬಿಳಿ ಬಣ್ಣ. ಆ ದಪ್ಪದಲ್ಲಿ ಹೆಚ್ಚಿನ ಪಾಲು ವೆಲಾಮೆನ್ ಎಂಬ ಹೊದಿಕೆಯದು. ಅದರ ಜೀವಕೋಶಗಳು ಬಲಿತ ಮೇಲೆ ಸತ್ತು, ಬರಿಯ ಗೋಡೆ ಉಳಿದು, ಒಳಗೆಲ್ಲ ಟೊಳ್ಳು. ಒಣಗಿದಾಗ ಆ ಟೊಳ್ಳಿನಲ್ಲಿ ಗಾಳಿ ತುಂಬಿ ಬೆಳಕನ್ನು ಚದುರಿಸುವುದರಿಂದ ಬೇರು ಬೆಳ್ಳಗೆ ಕಾಣುತ್ತದೆ. ಮಳೆಹನಿ ಬಿದ್ದರೆ ಒತ್ತುಕಾಗದದಂತೆ ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಆಗ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಹೌದು, ಈ ಬೇರಿನಲ್ಲಿ ಪತ್ರಹರಿತ್ತೂ ಇದೆ. ಎಲೆಯ ಕೆಲಸದಲ್ಲಿ ಒಂದಿಷ್ಟನ್ನು ಬೇರೇ ಮಾಡುತ್ತದೆ.

ಇಷ್ಟು ಗೊತ್ತಾದರೆ ಸಾಕುವ ವಿಧಾನವೂ ಗೊತ್ತಾದಂತೆ. ಬೇರು ಬೆಳ್ಳಗಿದ್ದರೆ ನೀರು ಕೊಡಿ, ಹಸಿರಾಗಿದ್ದರೆ ಸುಮ್ಮನಿರಿ. ವಾರಕ್ಕೆ ಎಷ್ಟು ಸಲ ಎಂದು ಕೇಳಬೇಡಿ. ಏಪ್ರಿಲ್ಲಿನ ರಾಯಚೂರಿಗೂ ಜುಲೈಯ ಆಗುಂಬೆಗೂ ಒಂದೇ ಉತ್ತರ ಇರಲಾರದು. ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ಮಾರುವುದು ಅಂದಕ್ಕಲ್ಲ, ಬೇರಿನ ಬಣ್ಣ ನೋಡಲಿ ಎಂದು. ಅದನ್ನು ತಳ ಮುಚ್ಚಿದ ಪಿಂಗಾಣಿ ಪಾತ್ರೆಯೊಳಗೆ ಇಟ್ಟು ಚೆಂದ ನೋಡುವವರು ಪಾತ್ರೆಯಲ್ಲಿ ನಿಂತ ನೀರನ್ನಾದರೂ ಚೆಲ್ಲಬೇಕು. ನರ್ಸರಿಯವರು ಬೇರಿಗೆ ಒತ್ತಾಗಿ ಸುತ್ತಿದ ಪಾಚಿಯನ್ನು ಹೂ ಮುಗಿದ ಮೇಲೆ ಬಿಡಿಸಿ ತೆಗೆದು, ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡುಗಳಲ್ಲಿ ನಿಲ್ಲಿಸುವುದು ವಾಸಿ. ತುಂಡುಗಳ ನಡುವೆ ಗಾಳಿಯಾಡಬೇಕು, ಅಷ್ಟೇ. ನೀರನ್ನು ಬೆಳಿಗ್ಗೆ ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ಹನಿ ನಿಂತರೆ ಬಟ್ಟೆಯಿಂದ ಒರೆಸಿ. ಕಾಡಿನಲ್ಲಿ ಓರೆಯಾಗಿ ಜೋತ ಗಿಡದ ಸುಳಿಯಿಂದ ನೀರು ತಾನೇ ಜಾರಿಹೋಗುತ್ತಿತ್ತು; ನಾವು ಅದನ್ನು ನೆಟ್ಟಗೆ ನಿಲ್ಲಿಸಿದ್ದೇವೆ. ಇರುವುದು ಒಂದೇ ಸುಳಿ, ಅದು ಕೊಳೆತರೆ ಗಿಡ ಮೇಲಕ್ಕೆ ಬೆಳೆಯುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಮೇಲು.

ಇದರ ಉಸಿರಾಟದ ಶಿಸ್ತೂ ಬೇರೆ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಪಡೆದರೆ, ಇದು ಕತ್ತಾಳೆ, ಅನಾನಸ್‌ಗಳ ಹಾಗೆ ರಾತ್ರಿ ತೆರೆದು, ಅನಿಲವನ್ನು ಆಮ್ಲವಾಗಿ ಕೂಡಿಟ್ಟು, ಬೆಳಕು ಬಂದ ಮೇಲೆ ಸಕ್ಕರೆ ಮಾಡುತ್ತದೆ. ಬಿಸಿಲಿನಲ್ಲಿ ಬಾಗಿಲು ಮುಚ್ಚಿರುವುದರಿಂದ ತೇವ ಉಳಿಯುತ್ತದೆ. ಮಳೆಕಾಡಿನ ಗಿಡಕ್ಕೆ ಮರುಭೂಮಿಯ ಜಾಣತನ ಯಾಕೆಂದರೆ, ಮಳೆ ನಿಂತು ಸ್ವಲ್ಪ ಹೊತ್ತಿಗೇ ಮರದ ತೊಗಟೆ ಒಣಗಿಬಿಡುತ್ತದೆ.

ಮತ್ತೆ ಹೂ ಯಾವಾಗ? ಎಲ್ಲರ ದೂರೂ ಇದೇ. ಬೆಳಕು ಸಾಕಷ್ಟಿದೆಯೇ ಎಂದು ಮೊದಲು ನೋಡಿ: ಎಲೆ ಕಡುಹಸಿರಾಗಿ ನೀಳವಾಗಿದ್ದರೆ ಸಾಲದು, ಕೆಂಪಡರಿದ್ದರೆ ಬಿಸಿಲು ಹೆಚ್ಚು. ಪೂರ್ವದ ಕಿಟಕಿ ಚೆನ್ನ. ಆಮೇಲಿನದು ತಂಪು. ಉಷ್ಣಾಂಶ ಹಗಲಿಡೀ 28 ಡಿಗ್ರಿಗಿಂತ ಮೇಲಿದ್ದರೆ ಗಿಡ ಎಲೆ ಬಿಡುತ್ತಾ ಕೂರುತ್ತದೆ. ಕೆಲವು ವಾರ ಅದಕ್ಕಿಂತ ಕೆಳಗಿಳಿದರೆ ಹೂದಂಡು ಹೊರಡುತ್ತದೆ. ಬೆಂಗಳೂರು, ಮಡಿಕೇರಿಗಳ ಚಳಿಗಾಲ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಕರಾವಳಿಯವರಿಗೆ ನನ್ನ ಸಲಹೆ, ಹಟ ಬೇಡ. ಸೆಕೆಯಲ್ಲೂ ಹೂ ಬಿಡುವ ಡೆಂಡ್ರೋಬಿಯಂ ತಳಿಗಳನ್ನು ತನ್ನಿ. ಮೊಗ್ಗು ಬಂದ ಮೇಲೆ ಗಿಡವನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡಬಾರದು. ಮಾಗುವ ಬಾಳೆ ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತದೆ. ಇಲ್ಲದಿದ್ದರೆ ಹೂ ಎರಡು ಮೂರು ತಿಂಗಳು ನಿಲ್ಲುತ್ತದೆ.

ಬೀಜದಿಂದ ಬೆಳೆಸುವ ಆಸೆ ಮಾತ್ರ ಬಿಡಿ. ಧೂಳಿನಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯೇ ಇರುವುದಿಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರ ಬಂದು ಉಣಿಸಬೇಕು. ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಮೇಲೆ, ಗಾಜಿನೊಳಗೆ ಮೊಳಕೆ ಬರಿಸಬಹುದೆಂದು 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ತೋರಿಸಿದರು. ಶ್ರೀಮಂತರ ಗಾಜುಮನೆಯ ಗಿಡ ಇಂದು ಬೀದಿಬದಿಯ ನರ್ಸರಿಗೂ ಬಂದಿರುವುದರ ಹಿಂದೆ ಆ ಪ್ರಯೋಗವಿದೆ. ನಮ್ಮ ಕಿಟಕಿಯಲ್ಲಿ ಸಂತಾನ ಬಯಸಿದರೆ ಹಳೆಯ ಹೂದಂಡಿನ ಗಿಣ್ಣಿನಲ್ಲಿ ಒಮ್ಮೊಮ್ಮೆ ಮೂಡುವ ಮರಿಗೆ ಕಾಯಬೇಕು. ಅದು ಎರಡು ಎಲೆ ಬಿಟ್ಟ ಕೂಡಲೇ ಕತ್ತರಿ ಹಿಡಿಯಬೇಡಿ. ತನ್ನದೇ ಬೇರು ಎರಡು ಮೂರು ಅಂಗುಲ ಬೆಳೆದ ಮೇಲೆ ಬಿಡಿಸಿ, ಪುಟ್ಟ ಕುಂಡಕ್ಕೆ ಇದ್ದಿಲು ತುಂಬಿ ಕೂರಿಸಿ.